ಹಿಮ್ಮೇಳ ಮಾರಿದ ಟೀಮು: ಬ್ಲಾಸ್ಟರ್ಸ್ ಫೈನಲಿಂದ ಎಂಟನೇ ಸ್ಥಾನಕ್ಕೆ ಇಳಿದ ಕಥೆ

2024ರ ಡಿಸೆಂಬರ್ 7, ರಾತ್ರಿ. ಕಂಠೀರವದಲ್ಲಿ ನಮ್ಮ ಕೇರಳ ಬ್ಲಾಸ್ಟರ್ಸ್ ಎದುರು ಬೆಂಗಳೂರಿನ ಛೇತ್ರಿ ಮೂರನೇ ಗೋಲು ಹೊಡೆದು ಸ್ಕೋರು 4-2 ಆದದ್ದಷ್ಟೇ, ರೆಫ್ರಿ ಸೀಟಿ ಊದುವ ಮೊದ್ಲೇ ಪುತ್ತೂರಿಂದ ಭಾವನ ಫೋನು. ಎತ್ಲಿಲ್ಲ. ಎರಡು ನಿಮಿಷ ಬಿಟ್ಟು ವಾಯ್ಸ್ ಮೆಸೇಜು ಬಂತು, "ಎಂತ ಭಾವ, ಒರಗಿದೆಯಾ?" ಅಂತ, ಮತ್ತೆ ಪೂರಾ ಬರೀ ನಗೆ. 40 ವರ್ಷದ ಮನುಷ್ಯ ನಮ್ಮ ಡಿಫೆನ್ಸಿನ ನಡುವೆ ಸಂಜೆ ತೋಟಕ್ಕೆ ಒಂದು ಸುತ್ತು ಬಂದ ಹಾಗೆ ಬಂದು ಹ್ಯಾಟ್ರಿಕ್ ಹೊಡೆದು ಹೋದದ್ದು. ದೇಶದ ದೊಡ್ಡ ಫುಟ್‌ಬಾಲ್ ಲೀಗು ಐಎಸ್‌ಎಲ್ಲಲ್ಲಿ ಅಷ್ಟು ವಯಸ್ಸಿಗೆ ಅದಕ್ಕಿಂತ ಮೊದ್ಲು ಯಾರೂ ಹ್ಯಾಟ್ರಿಕ್ ಹೊಡೆದದ್ದಿಲ್ಲ. ಅದರ ಮುಂದಿನ ಮ್ಯಾಚಲ್ಲಿ ಮೋಹನ್ ಬಗಾನ್ ಹತ್ರ 3-2ಕ್ಕೆ ಸೋತೆವು, 16ನೇ ತಾರೀಕಿಗೆ ಕೋಚ್ ಮಿಕಾಯೆಲ್ ಸ್ಟಾರೆಯನ್ನು ಮನೆಗೆ ಕಳಿಸಿದ್ರು.

ಆ ವಾರ ಬದಿಯಡ್ಕ ಪೇಟೆಯಲ್ಲಿ ಚಹಾ ಕುಡಿಯುವವರೆಲ್ಲ ಎರಡೇ ಮಾತು ಹೇಳ್ತಿದ್ರು. ಒಂದು, ಕೋಚು ದಂಡ. ಇನ್ನೊಂದು, ಒಳ್ಳೆ ಸ್ಟ್ರೈಕರ್‌ಗಳನ್ನೆಲ್ಲ ಬಿಟ್ಟು ಕೊಟ್ಟದ್ದೇ ತಪ್ಪು. ನಾನೂ ಎರಡನ್ನೂ ಹೇಳಿದವನೇ, ಸುಳ್ಳು ಹೇಳುದಿಲ್ಲ. ಮತ್ತೆ ಆ ಸೀಸನ್ ಮುಗಿದ ಮೇಲೆ ಒಂದು ಭಾನುವಾರ, ಅಡಿಕೆ ಕೊಟ್ಟ ಚೀಟಿಯ ಹಿಂದೆ ಪೆನ್ನು ಹಿಡಿದು ಲೆಕ್ಕ ಹಾಕ್ಲಿಕ್ಕೆ ಕೂತೆ. ಲೆಕ್ಕ ನಾನು ಅಂದುಕೊಂಡ ಹಾಗೆ ಬರ್ಲಿಲ್ಲ. ಅದನ್ನೇ ಇಲ್ಲಿ ಬರೀತಿದ್ದೇನೆ, ಸ್ವಲ್ಪ ಉದ್ದ ಉಂಟು, ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

ಮೊದ್ಲು ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಬಿಡ್ತೇನೆ, ಯಾಕಂದ್ರೆ ಘಟ್ಟದ ಮೇಲಿನವರು ಎಲ್ಲರೂ ಕೇಳ್ತಾರೆ. ಮನೆಯಲ್ಲಿ ಕನ್ನಡ, ಓದಿದ್ದು ಕನ್ನಡ ಮೀಡಿಯಂ, ಬೆಂಗಳೂರು ಟೀಮು ಇರುವಾಗ ನಿಂಗೆ ಬ್ಲಾಸ್ಟರ್ಸ್ ಎಂತಕ್ಕೆ ಅಂತ. ನಂಗೆ ಅದು ಮೊಹಮ್ಮದ್ ರಫಿಯಿಂದ ಹಿಡಿದ ಹುಚ್ಚು. ನಮ್ಮದೇ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದವ. 2016ರ ಫೈನಲಲ್ಲಿ ಕೊಚ್ಚಿಯ ಕಲೂರು ಸ್ಟೇಡಿಯಮ್ಮಲ್ಲಿ ಅವ ಹೆಡ್ ಮಾಡಿ ಗೋಲು ಹೊಡೆದಾಗ ನಾವು ಟಿವಿ ಎದುರು ಹಾರಿದ ರಭಸಕ್ಕೆ ಅಜ್ಜಿ ಒಳಗಿಂದ "ಎಂತ ಬಿದ್ದದ್ದು?" ಅಂತ ಓಡಿ ಬಂದಿದ್ರು. ಆ ಮ್ಯಾಚೂ ಪೆನಾಲ್ಟಿಯಲ್ಲಿ ಸೋತೆವು, ಅದು ಬೇರೆ ವಿಷಯ. 2014ರಲ್ಲಿ ಇಂಜುರಿ ಟೈಮಲ್ಲಿ ಸೋತದ್ದು, 2016ರಲ್ಲಿ ಪೆನಾಲ್ಟಿ, 2022ರಲ್ಲಿ ಮತ್ತೆ ಪೆನಾಲ್ಟಿ. ಮೂರು ಫೈನಲು, ಮೂರೂ ಸೋಲು. ಅಭ್ಯಾಸ ಆಗಿ ಹೋಗಿದೆ ಮಾರಾಯ್ರೆ.

ಈಗ ವಿಷಯಕ್ಕೆ ಬರುವ. ಪ್ರಕರಣ ಶುರುವಾಗುದು 2022ರ ಮಾರ್ಚ್ 20ಕ್ಕೆ, ಗೋವಾದ ಫತೋರ್ಡ. ಎದುರು ಹೈದರಾಬಾದು. ಹಳದಿ ಜೆರ್ಸಿ ಅವರಿಗೆ ಹೋಗಿ ನಾವು ಕಪ್ಪು ಹಾಕಿಕೊಂಡು ಆಡಿದ್ದು, ಅದೇ ಅಪಶಕುನ ಅಂತ ನನ್ನ ಮಗ ಈಗ್ಲೂ ಹೇಳ್ತಾನೆ. ರಾಹುಲ್ 68ನೇ ನಿಮಿಷಕ್ಕೆ ಗೋಲು ಹೊಡೆದ, 88ಕ್ಕೆ ಸಾಹಿಲ್ ತವೋರ ದೂರದಿಂದ ಬಾರಿಸಿ ಸಮ ಮಾಡಿದ, ಪೆನಾಲ್ಟಿಯಲ್ಲಿ ಅವರ ಗೋಲ್‌ಕೀಪರ್ ಕಟ್ಟೀಮನಿ ನಮ್ಮದನ್ನು ಒಂದರ ಹಿಂದೆ ಒಂದು ತಡೆದ, 3-1. ಸೋತರೂ ಆ ಟೀಮು ಒಳ್ಳೆ ಟೀಮು. ಅದರ ಹಿಂದಿನ ಸೀಸನಲ್ಲಿ ನಾವು 20 ಮ್ಯಾಚಲ್ಲಿ ಮೂರೇ ಗೆದ್ದು 11 ಟೀಮಲ್ಲಿ ಹತ್ತನೇದಾಗಿ ಬಿದ್ದವರು. ಇವಾನ್ ವುಕೊಮನೊವಿಚ್ ಕೋಚಾಗಿ ಬಂದು ಒಂದೇ ವರ್ಷದಲ್ಲಿ ಅದನ್ನು ಫೈನಲಿಗೆ ತಂದದ್ದು, ನಡುವೆ ಹತ್ತು ಮ್ಯಾಚ್ ಸೋಲಿಲ್ಲದೆ ಓಡಿ ಜನವರಿಯಲ್ಲಿ ಟೇಬಲಿನ ತುದಿಯಲ್ಲಿ ಕೂತದ್ದು.

ಆ ಟೀಮು ಅಂದ ಕೂಡ್ಲೆ ಎಲ್ಲರ ಬಾಯಲ್ಲಿ ಬರುದು ಮೂರು ವಿದೇಶಿ ಹೆಸರು. ಲೂನಾ, ಆಲ್ವಾರೊ ವಾಸ್ಕೆಸ್, ಹೋರ್ಹೆ ಡಯಾಸ್. ತಪ್ಪಲ್ಲ. ವಾಸ್ಕೆಸ್ ನಾರ್ತ್‌ಈಸ್ಟ್ ಎದುರು ನಮ್ಮ ಅರ್ಧದಿಂದಲೇ ಎತ್ತಿ ಹಾಕಿದ ಗೋಲನ್ನು ನಾನು ಎಷ್ಟು ಸರ್ತಿ ನೋಡಿದ್ದೇನೆ ಅಂತ ಲೆಕ್ಕ ಇಲ್ಲ. ಆದ್ರೆ ಇವರು ಯಕ್ಷಗಾನದ ಮುಮ್ಮೇಳದ ಹಾಗೆ. ವೇಷ ಕಟ್ಟಿ ರಂಗಸ್ಥಳದಲ್ಲಿ ಹಾರುವವರು, ಚಪ್ಪಾಳೆ ಅವರಿಗೇ ಬೀಳುದು. ಆಟ ಕಟ್ಟಿ ನಿಲ್ಲಿಸುವ ಹಿಮ್ಮೇಳ ಬೇರೆಯೇ ಇತ್ತು. ಗೋಲಿ (ಗೋಲ್‌ಕೀಪರ್) ಪ್ರಭ್‌ಸುಖನ್ ಗಿಲ್, ಡಿಫೆನ್ಸಿನ ಎದುರು ನಿಂತು ಚೆಂಡು ಕಿತ್ತುಕೊಳ್ಳುವ ಜೀಕ್ಸನ್ ಸಿಂಗ್, ನಡುವಲ್ಲಿ ತಿರುಗಾಡುವ ಸಹಲ್ ಅಬ್ದುಲ್ ಸಮದ್. ಗಿಲ್ ಅಂತೂ ಆಲ್ಬಿನೊ ಗೋಮ್ಸಿಗೆ ಗಾಯ ಆಗಿ ಅಚಾನಕ್ಕಾಗಿ ಸಿಕ್ಕಿದವ, ಸಿಕ್ಕಿ ಆ ಸೀಸನಿನ ಒಳ್ಳೆ ಗೋಲಿಗೆ ಕೊಡುವ ಗೋಲ್ಡನ್ ಗ್ಲೋವೇ ತಗೊಂಡು ಹೋದ. ಜೀಕ್ಸನ್, 2017ರ ಅಂಡರ್-17 ವರ್ಲ್ಡ್ ಕಪ್ಪಲ್ಲಿ ಭಾರತದ ಗೋಲು ಹೊಡೆದ ಹುಡುಗ. ಮೂವರೂ ಭಾರತದವರು, ಮೂವರೂ ಎಳೆ ಪ್ರಾಯ.

ಇಲ್ಲಿ ರೂಲ್ಸು ಒಂದು ಗೊತ್ತಿರ್ಬೇಕು. ಆ ವರ್ಷದಿಂದ ಅಂಗಳದಲ್ಲಿ ಒಟ್ಟಿಗೆ ನಾಲ್ಕೇ ವಿದೇಶಿಯರು. ಅಂದ್ರೆ ಹನ್ನೊಂದರಲ್ಲಿ ಏಳು ಜನ ನಮ್ಮವರೇ. ವಿದೇಶಿ ಸ್ಟ್ರೈಕರ್ ದುಡ್ಡು ಕೊಟ್ರೆ ಪ್ರತಿ ವರ್ಷ ಸಿಗ್ತಾನೆ, ಪ್ರಪಂಚ ದೊಡ್ಡದು. ಒಳ್ಳೆ ಭಾರತೀಯ ಗೋಲಿ, ಒಳ್ಳೆ ಭಾರತೀಯ ಡಿಫೆನ್ಸಿವ್ ಮಿಡ್‌ಫೀಲ್ಡರ್ ಇಡೀ ದೇಶದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು, ಇದ್ದವರೆಲ್ಲ ಯಾವುದಾದ್ರೂ ಟೀಮಿನ ಕಾಂಟ್ರಾಕ್ಟಲ್ಲಿ ಇರ್ತಾರೆ. ಇಷ್ಟನ್ನು ಮನಸ್ಸಲ್ಲಿ ಇಟ್ಕೊಂಡು ಮುಂದಿನ ಮೂರು ಬೇಸಗೆ ನೋಡಿ.

ನಮ್ಮ ಕಡೆ ಮೇ ಕೊನೆಗೆ ಪತ್ತನಾಜೆ. ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ಯಾವ ವೇಷಧಾರಿ ಯಾವ ಮೇಳಕ್ಕೆ ಹೋದ, ಯಾವ ಭಾಗವತರು ಎಲ್ಲಿಗೆ ಬಂದ್ರು ಅಂತ ಗುಸುಗುಸು. ಐಎಸ್‌ಎಲ್ಲಿನ ಟ್ರಾನ್ಸ್‌ಫರೂ ಸರಿಸುಮಾರು ಅದೇ ಹೊತ್ತಿಗೆ.

2022ರ ಪತ್ತನಾಜೆಗೆ ವಾಸ್ಕೆಸ್ ಗೋವಾಕ್ಕೆ ಹೋದ, ಡಯಾಸ್ ಮುಂಬೈಗೆ ಹೋದ. ಡಯಾಸ್ ನಮ್ಮಲ್ಲಿ ಇದ್ದದ್ದೇ ಲೋನಲ್ಲಿ, ಬೇರೆ ಕ್ಲಬ್ಬಿಂದ ಎರವಲು. ನಾವು ಗ್ರೀಕ್ ಸ್ಟ್ರೈಕರ್ ಡಿಮಿಟ್ರಿಯೋಸ್ ಡಯಮಾಂಟಾಕೋಸನ್ನು ತಂದೆವು, ಕಾಲಿಯುಜ್ನಿಯನ್ನು ತಂದೆವು, ಮೊದಲ ಮ್ಯಾಚಲ್ಲೇ ಕಾಲಿಯುಜ್ನಿ ಬೆಂಚಿಂದ ಎದ್ದು ಬಂದು ಎರಡು ಗೋಲು ಹೊಡೆದು ಕೊಚ್ಚಿಗೆ ಹುಚ್ಚು ಹಿಡಿಸಿದ. ಆ ಸೀಸನ್ ಮುಗಿದ ರೀತಿ ನಿಮಗೆ ಗೊತ್ತೇ ಉಂಟು, 2023ರ ಮಾರ್ಚ್ 3, ಕಂಠೀರವ, ನಮ್ಮವರು ತಯಾರಾಗುವ ಮೊದ್ಲೇ ಛೇತ್ರಿ ಹೊಡೆದ ಕ್ವಿಕ್ ಫ್ರೀಕಿಕ್ಕು ಗೋಲಾದದ್ದು, ಅದಕ್ಕೆ ಇವಾನ್ ಟೀಮನ್ನೇ ಹೊರಗೆ ಕರ್ಕೊಂಡು ಹೋದದ್ದು. ಕ್ಲಬ್ಬಿಗೆ 4 ಕೋಟಿ ದಂಡ, ಇವಾನಿಗೆ ಹತ್ತು ಮ್ಯಾಚ್ ಬ್ಯಾನು. ಆವತ್ತು ನಂಗೆ ಇವಾನ್ ದೇವರು. ಈಗ ಯೋಚನೆ ಮಾಡಿದ್ರೆ ಕೋಚ್ ಮಾಡುವ ಕೆಲಸ ಅಲ್ಲ ಅದು. ಪ್ಲೇಆಫಲ್ಲಿ ಇನ್ನೂ ಟೈಮಿತ್ತು, ಆಡಿ ಸಮ ಮಾಡ್ಬಹುದಿತ್ತು.

2023ರ ಪತ್ತನಾಜೆ. ಇಲ್ಲಿಂದ ನಿಜವಾದ ಕಥೆ. ಗಿಲ್ ಈಸ್ಟ್ ಬೆಂಗಾಲಿಗೆ. ಸಹಲ್ ಮೋಹನ್ ಬಗಾನಿಗೆ, ಅವನ ಬದಲು ಪ್ರೀತಂ ಕೋಟಾಲ್ ನಮ್ಮಲ್ಲಿಗೆ. ವಾಸ್ಕೆಸ್, ಡಯಾಸ್ ಹೋದದ್ದು ಕಾಂಟ್ರಾಕ್ಟೋ ಲೋನೋ ಮುಗಿದು, ಹಿಡಿದು ಕಟ್ಟಿ ಹಾಕ್ಲಿಕ್ಕೆ ಆಗುದಿಲ್ಲ ಅಂತ ಹೇಳ್ಬಹುದು. ಇವರಿಬ್ಬರು ಹಾಗಲ್ಲ, ಕಾಂಟ್ರಾಕ್ಟ್ ಇರುವಾಗಲೇ ಕ್ಲಬ್ಬು ಸೈನ್ ಹಾಕಿ ಕಳಿಸಿದ್ದು. ಈ ವ್ಯತ್ಯಾಸ ನಂಗೆ ಆವಾಗ ತಲೆಗೇ ಹೋಗಿರ್ಲಿಲ್ಲ. ನಾನು ಎರಡು ದಿನ ಸಹಲಿಗಾಗಿ ಬೇಜಾರು ಮಾಡಿದ್ದು, ಗಿಲ್ ಹೋದದ್ದನ್ನು ಪೇಪರಿನ ಮೂಲೆಯಲ್ಲಿ ಓದಿ ಪೇಜು ತಿರುಗಿಸಿದ್ದು. ಗೋಲಿಗಾಗಿ ಅಳುವ ಫ್ಯಾನು ಎಲ್ಲಿದ್ದಾನೆ ಹೇಳಿ.

ಗಿಲ್ಲಿನ ಜಾಗಕ್ಕೆ ಅಕಾಡೆಮಿಯ ಹುಡುಗ ಸಚಿನ್ ಸುರೇಶ್. ಒಳ್ಳೆ ಹುಡುಗ, ಈಸ್ಟ್ ಬೆಂಗಾಲ್ ಎದುರು ಕ್ಲೈಟನ್ ಸಿಲ್ವನ ಪೆನಾಲ್ಟಿ ಹಿಡಿದ, ರೆಫ್ರಿ ಇನ್ನೊಮ್ಮೆ ಹೊಡೆಯಿರಿ ಅಂದ್ರು, ಅದನ್ನೂ ಹಿಡಿದ. ಡಿಸೆಂಬರ್ ಕೊನೆಗೆ 12 ಮ್ಯಾಚಲ್ಲಿ 26 ಪಾಯಿಂಟು, ನಾವು ಟೇಬಲಿನ ತುದಿ. ಮತ್ತೆ ಒಬ್ಬೊಬ್ಬರೇ ಬಿದ್ರು. ಲೂನಾಗೆ ಡಿಸೆಂಬರಲ್ಲೇ ಮೊಣಕಾಲು ಆಪರೇಷನ್ನು ಆಗಿತ್ತು, ಮತ್ತೆ ಸ್ಟ್ರೈಕರ್ ಪೆಪ್ರಾಗೆ ಗಾಯ, ಫೆಬ್ರವರಿಯಲ್ಲಿ ಸಚಿನಿನ ಭುಜ ಜಾರಿತು. ಕೊನೇ ಹತ್ತು ಮ್ಯಾಚಲ್ಲಿ ಏಳೇ ಪಾಯಿಂಟು. ಇದನ್ನು ಎಲ್ಲರೂ ದುರದೃಷ್ಟ ಅಂದ್ರು, ಗಾಯ ದುರದೃಷ್ಟವೇ. ಆದ್ರೆ ಒಂದನೇ ಗೋಲಿ ಬಿದ್ದ ದಿನ ಬೆಂಚಲ್ಲಿ ಯಾರಿದ್ದಾರೆ ಅನ್ನುದು ದುರದೃಷ್ಟ ಅಲ್ಲ, ಅದು ಸೀಸನ್ ಶುರುವಾಗುವ ಮೊದ್ಲೇ ಯಾರೋ ಎಸಿ ರೂಮಲ್ಲಿ ಕೂತು ಮಾಡಿದ ತೀರ್ಮಾನ. ಪ್ಲೇಆಫಲ್ಲಿ ಒಡಿಶಾ ಹತ್ರ ಎಕ್ಸ್‌ಟ್ರಾ ಟೈಮಲ್ಲಿ 2-1, ಒಂದು ವಾರ ಕಳೆದು ಇವಾನ್ ಕೂಡ ಹೊರಟ್ರು.

2024ರ ಪತ್ತನಾಜೆಗೆ 13 ಗೋಲು ಹೊಡೆದು ಗೋಲ್ಡನ್ ಬೂಟ್ ತಗೊಂಡ ಡಯಮಾಂಟಾಕೋಸ್ ಈಸ್ಟ್ ಬೆಂಗಾಲಿಗೆ. ಜೀಕ್ಸನೂ ಈಸ್ಟ್ ಬೆಂಗಾಲಿಗೆ. ಡಿಫೆನ್ಸಿನ ಲೆಸ್ಕೊವಿಚ್ ಕೂಡ ಹೊರಟ. ಹಳೇ ಭಾಗವತರೂ ಇಲ್ಲ, ಮದ್ದಳೆಯೂ ಇಲ್ಲ, ಹೊಸಬರನ್ನು ತಂದು ಇವತ್ತು ರಾತ್ರಿ ದೇವಿಮಹಾತ್ಮೆ ಆಡಿ ಅಂದ ಹಾಗೆ. ಸ್ಟಾರೆಗೆ ಸ್ಟ್ರೈಕರ್ ಹೀಸಸ್ ಹಿಮೆನೆಸ್ ಸಿಕ್ಕಿದ್ದು ಆಗಸ್ಟಿನ ಕೊನೆಗೆ, ಮೊದಲ ಲೀಗ್ ಮ್ಯಾಚು ಪಂಜಾಬ್ ಎದುರು ಸೆಪ್ಟೆಂಬರ್ 15ಕ್ಕೆ. ಆವತ್ತು ತಿರುವೋಣಂ. ಎದುರಿನ ಮನೆಯವರು ಕೊಟ್ಟ ಪಾಯಸ ಕೈಯಲ್ಲಿ ಹಿಡ್ಕೊಂಡು ನೋಡ್ತಿದ್ದೆ. 92ನೇ ನಿಮಿಷಕ್ಕೆ ಹಿಮೆನೆಸ್ ಸಮ ಮಾಡಿದ, ಲೋಟ ಕೆಳಗಿಟ್ಟು ಎದ್ದು ಕುಣಿದೆ, 95ಕ್ಕೆ ಪಂಜಾಬ್ ಮತ್ತೆ ಹೊಡೆಯಿತು. ತಿರುಗಿ ನೋಡಿದ್ರೆ ಪಾಯಸಕ್ಕೆ ಇರುವೆ.

ಡಯಾಸಿನ ವಿಷಯ ಇಲ್ಲಿ ಹೇಳ್ಲೇಬೇಕು, ಯಾಕಂದ್ರೆ ಭಾವನ ಇಡೀ ವಾದ ಅದರ ಮೇಲೆ ನಿಂತದ್ದು. ನಮ್ಮಿಂದ ಹೋದ ಡಯಾಸ್ ಮುಂಬೈಯಲ್ಲಿ ಲೀಗ್ ಟೇಬಲಿನ ತುದಿಗೆ ಕೊಡುವ ಶೀಲ್ಡ್ ಗೆದ್ದ, 2024ರ ಮೇಯಲ್ಲಿ ಕಪ್ ಫೈನಲಲ್ಲಿ ಗೋಲು ಹೊಡೆದು ಕಪ್ಪನ್ನೂ ಗೆದ್ದ, ಮತ್ತೆ ಬೆಂಗಳೂರಿಗೆ ಬಂದ. ಬಂದವ ಆಗಸ್ಟಲ್ಲಿ ಡ್ಯುರಾಂಡ್ ಕಪ್ಪಿನ ಕ್ವಾರ್ಟರ್ ಫೈನಲಲ್ಲಿ ನಮ್ಮೆದುರೇ 95ನೇ ನಿಮಿಷಕ್ಕೆ ಹೊಡೆದ, 1-0. ಅಕ್ಟೋಬರ್ 25ಕ್ಕೆ ಕೊಚ್ಚಿಗೇ ಬಂದು ಎಂಟನೇ ನಿಮಿಷಕ್ಕೆ ಹೊಡೆದ, 3-1. ಭಾವ ಹೇಳಿದ್ದು, "ನಿಂಗಳ ಡಯಾಸ್ ಈಗ ಎಂಗಳ ಮನೆ ಅಳಿಯ, ಊಟಕ್ಕೆ ಅಂತೂ ನಿಂಗಳಲ್ಲಿಗೇ ಬತ್ತ." ಉತ್ತರ ಕೊಡ್ಲಿಕ್ಕೆ ಬಾಯಿ ಇರ್ಲಿಲ್ಲ ನಂಗೆ.

ಆದ್ರೆ ಚೀಟಿಯ ಹಿಂದಿನ ಲೆಕ್ಕ ಭಾವ ಹೇಳಿದ್ದನ್ನು ಅರ್ಧ ಮಾತ್ರ ಒಪ್ಪುದು. ನೋಡಿ. 2021-22ರಲ್ಲಿ ಲೀಗಿನ 20 ಮ್ಯಾಚಲ್ಲಿ ನಾವು ಹೊಡೆದ ಗೋಲು 34, ತಿಂದದ್ದು, ಅಂದ್ರೆ ಎದುರಿನವರು ನಮಗೆ ಹೊಡೆದದ್ದು, 24. ಮುಂದಿನ ಸೀಸನಲ್ಲಿ 20 ಮ್ಯಾಚಿಗೆ ಹೊಡೆದದ್ದು 28, ಅಂದ್ರೆ ವಾಸ್ಕೆಸ್, ಡಯಾಸ್ ಇಬ್ಬರೂ ಹೋದ ಪೆಟ್ಟು ಕಾಣ್ತದೆ, ಅದು ಭಾವನ ಪಾಯಿಂಟು, ಇರಲಿ. ಆದ್ರೆ ಅಲ್ಲಿಂದ ಮುಂದೆ ನೋಡಿದ್ರೆ 2023-24ರಲ್ಲಿ 22 ಮ್ಯಾಚಿಗೆ 32, 2024-25ರಲ್ಲಿ 24 ಮ್ಯಾಚಿಗೆ 33. ಮುಂದೆ ನಿಲ್ಲುವವ ಗ್ರೀಕನೋ ಸ್ಪೇನಿನವನೋ, ಮ್ಯಾಚಿಗೆ 1.4 ಆಸುಪಾಸು ಗೋಲು ಬಂದೇ ಬರ್ತದೆ. ಡಯಮಾಂಟಾಕೋಸ್ ಹೋದ ಅಂತ ಎದೆ ಬಡ್ಕೊಂಡೆವು, ಹಿಮೆನೆಸ್ ಬಂದು 11 ಹೊಡೆದ. ವಿದೇಶಿ ಸ್ಟ್ರೈಕರ್ ಹುಡುಕುದರಲ್ಲಿ ನಮ್ಮ ಕ್ಲಬ್ಬು ಹುಷಾರು, ಸುಮ್ಮನೆ ಬೈಯ್ಯಬಾರದು.

ತಿಂದದ್ದು ನೋಡಿ ಈಗ. ಸ್ಟಾರೆ ಇದ್ದದ್ದು 12 ಮ್ಯಾಚು. ಮೂರು ಗೆಲುವು, ಎರಡು ಡ್ರಾ, ಏಳು ಸೋಲು. ಹೊಡೆದದ್ದು 19, ಯಾವ ಕೋಚಿಗೂ ನಾಚಿಕೆ ಆಗುವ ನಂಬರಲ್ಲ. ತಿಂದದ್ದು 24. ಇವಾನಿನ ಮೊದಲ ಟೀಮು ಇಡೀ 20 ಮ್ಯಾಚಲ್ಲಿ ತಿಂದಷ್ಟನ್ನು ಇವರು 12ರಲ್ಲಿ ತಿಂದು ಮುಗಿಸಿದ್ರು. ಗೋಲು ತಿನ್ನದ ಮ್ಯಾಚು ಒಂದೇ, ಚೆನ್ನೈಯಿನ್ ಎದುರಿನ 3-0. ಇದನ್ನು ಬರೆದು ನಾನು ಸ್ವಲ್ಪ ಹೊತ್ತು ಚೀಟಿಯನ್ನೇ ನೋಡ್ತಾ ಕೂತೆ. ಗಿಲ್ ಇಲ್ಲ, ಜೀಕ್ಸನ್ ಇಲ್ಲ. ಡಿಫೆನ್ಸಿನ ಎದುರು ತೋಟದ ಬೇಲಿ ಕಿತ್ತ ಜಾಗದ ಹಾಗೆ ಖಾಲಿ, ದನ ಒಳಗೆ ಬಂದ್ರೆ ದನಕ್ಕೆ ಬೈದು ಎಂತ ಪ್ರಯೋಜನ.

ಹಾಗಾದ್ರೆ ಕೋಚಿನ ತಪ್ಪೇ ಇಲ್ಲವಾ? ಇಲ್ಲಿ ನನ್ನ ವಾದಕ್ಕೇ ಪೆಟ್ಟು ಕೊಡುವ ನಂಬರು ಒಂದುಂಟು, ಅಡಗಿಸಿಟ್ರೆ ಭಾವ ಹುಡುಕಿ ತೆಗೀತಾನೆ, ನಾನೇ ಹೇಳ್ತೇನೆ. ಸ್ಟಾರೆ ಹೋದ ಮೇಲೆ ಅಸಿಸ್ಟೆಂಟ್ ಆಗಿದ್ದ ಟಿ.ಜಿ. ಪುರುಷೋತ್ತಮನ್ ಟೀಮು ನೋಡಿಕೊಂಡ್ರು. ಉಳಿದ 12 ಮ್ಯಾಚಲ್ಲಿ ತಿಂದದ್ದು 13, ಪಾಯಿಂಟು 18. ಹೆಚ್ಚುಕಮ್ಮಿ ಅದೇ ಹುಡುಗರು. ಜನವರಿ 5ಕ್ಕೆ ದೆಹಲಿಯಲ್ಲಿ ಪಂಜಾಬ್ ಎದುರು ಇಬ್ಬರಿಗೆ ರೆಡ್ ಕಾರ್ಡ್ ಬಿದ್ದು ಒಂಬತ್ತೇ ಜನ ಉಳಿದು 1-0 ಗೆದ್ದು ಬಂದ್ರು. ಅಂದ್ರೆ ಬೇಲಿ ಇಲ್ಲದಿದ್ರೂ ಕಾವಲು ನಿಲ್ಲಿಕ್ಕೆ ಆಗ್ತದೆ, ಸ್ಟಾರೆ ನಿಲ್ಲಿಸ್ಲಿಲ್ಲ. ಖಾಲಿ ಜಾಗ ಕಣ್ಣೆದುರು ಇದ್ದರೂ ಎದುರಿನವರ ಕಾಲಿಂದ ಚೆಂಡು ಕೀಳ್ಲಿಕ್ಕೆ ಎಲ್ಲರನ್ನೂ ಮೇಲೆ ಓಡಿಸಿ ಪ್ರೆಸ್ ಮಾಡಿಸಿದ್ದು, ಚೆಂಡು ಒಮ್ಮೆ ಆ ಸಾಲನ್ನು ದಾಟಿದ್ರೆ ಸ್ಟಾಪರ್‌ಗಳಿಬ್ಬರೂ ಅರ್ಧ ಅಂಗಳಕ್ಕೆ ಮುಖ ಮಾಡಿ ಹಿಂದೆ ಓಡ್ಬೇಕು. ಕಂಠೀರವದಲ್ಲಿ ಛೇತ್ರಿಗೆ ಸಿಕ್ಕಿದ್ದೂ ಅದೇ ಜಾಗ. ಇದ್ದ ಆಟಗಾರರಿಗೆ ತಕ್ಕ ಆಟ ಹೆಣೆಯದ ಕೋಚನ್ನು ಪೂರ್ತಿ ಬಿಟ್ಟು ಬಿಡ್ಲಿಕ್ಕೆ ನನ್ನಿಂದಾಗುದಿಲ್ಲ.

ಆದ್ರೂ ಒಂದು ವಿಷಯ ಗಮನಿಸಿ. ಜನವರಿ ನಡುವಲ್ಲಿ ಕ್ಲಬ್ಬು ದುಷಾನ್ ಲಗಾಟೋರ್ ಅಂತ ಮಾಂಟೆನೆಗ್ರೊದ ಡಿಫೆನ್ಸಿವ್ ಮಿಡ್‌ಫೀಲ್ಡರನ್ನು ತಂದಿತು. ಜೀಕ್ಸನ್ ನಿಲ್ತಿದ್ದ ಜಾಗಕ್ಕೆ. ಅಂದ್ರೆ ಅವರಿಗೂ ಗೊತ್ತಿತ್ತು ತೂತು ಎಲ್ಲಿ ಅಂತ, ಗೊತ್ತಾದದ್ದು ಏಳು ಮ್ಯಾಚ್ ಸೋತು ಒಬ್ಬ ಕೋಚನ್ನು ಓಡಿಸಿದ ಮೇಲೆ. ಅದೂ ಭಾರತೀಯ ಹುಡುಗ ನಿಲ್ತಿದ್ದ ಜಾಗಕ್ಕೆ ನಾಲ್ಕರಲ್ಲಿ ಒಂದು ವಿದೇಶಿ ಸೀಟು ಖರ್ಚು. ಹಾಗಾದ್ರೆ ಬೇರೆ ಎಲ್ಲಿಂದಲೋ ಒಂದು ವಿದೇಶಿ ಕಡಿಮೆ ಆಗ್ಲೇಬೇಕಲ್ಲ. ಜೀಕ್ಸನನ್ನು ಮಾರಿ ಬಂದ ದುಡ್ಡಿನ ಲೆಕ್ಕ ಹಾಕುವಾಗ ಈ ಸೀಟಿನ ಬೆಲೆಯನ್ನು ಯಾರಾದ್ರೂ ಕಳೆದಿದ್ರಾ ಅಂತ ನಂಗೆ ಕೇಳ್ಬೇಕು ಅನ್ನಿಸ್ತದೆ.

ಕೊನೆಗೆ 29 ಪಾಯಿಂಟು, 13 ಟೀಮಲ್ಲಿ ಎಂಟನೇದು. ಟಿಕೆಟ್ ತಗೊಳ್ಳುದಿಲ್ಲ ಅಂತ ನಮ್ಮ ಫ್ಯಾನುಗಳ ಗುಂಪು ಮಂಜಪ್ಪಡದವರು ಡಿಸೆಂಬರಲ್ಲೇ ಪ್ರತಿಭಟನೆಗೆ ಇಳಿದಿದ್ರು. ನಾನು ವರ್ಷಕ್ಕೆ ಒಂದು ಸರ್ತಿ ಹೋಗುವವ, ನನ್ನ ಪ್ರತಿಭಟನೆ ಯಾರಿಗೂ ಗೊತ್ತಾಗುದಿಲ್ಲ, ಆದ್ರೂ ಆ ವರ್ಷ ಹೋಗ್ಲಿಲ್ಲ. ಕಾಸರಗೋಡಿಂದ ಹಗಲಿಡೀ ರೈಲಲ್ಲಿ ಕೂತು, ಮ್ಯಾಚ್ ಸೋತು, ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ಸಲ್ಲಿ ಹಳದಿ ಜೆರ್ಸಿ ಹಾಕಿಕೊಂಡವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಬರುದು ಉಂಟಲ್ಲ, ಬೇಡ ಅದು.

ನಾನು ಇದನ್ನೆಲ್ಲ ಭಾವನಿಗೆ ಹೇಳಿದ್ದು ಅವರ ಮನೆಯ ಉಪನಯನದ ದಿನ, ಊಟದ ಪಂಕ್ತಿಯಲ್ಲಿ. ಅವ ಹೋಳಿಗೆ ಮುರಿಯುತ್ತಾ ಪೂರಾ ಕೇಳಿ, ಗಿಲ್ಲನ್ನು ಮಾರದೆ ಇಟ್ಟಿದ್ರೆ ನೀವು ಕಪ್ ಗೆಲ್ತಿದ್ರಾ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಈಸ್ಟ್ ಬೆಂಗಾಲಿಗೆ ಗಿಲ್, ಜೀಕ್ಸನ್, ಡಯಮಾಂಟಾಕೋಸ್ ಮೂವರೂ ಹೋಗಿ ಅವರೆಂತ ಗೆದ್ರು ಅಂತ ಇನ್ನೊಂದು ಹಾಕಿದ. ಆ ಸೀಸನಲ್ಲಿ ಅವರು ನಮ್ಮಿಂದಲೂ ಒಂದು ಸ್ಥಾನ ಕೆಳಗೆ, ಒಂಬತ್ತನೇದು. ನಮ್ಮ ಹಿಮ್ಮೇಳದ ಇಬ್ಬರು ಇದ್ದೂ ಅವರ ಆಟ ಏಳ್ಲಿಲ್ಲ, ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಒಟ್ಟಿಗೆ ಎರಡು ಸೀಸನ್ ಆಡಿ ಒಬ್ಬನ ಉಸಿರು ಇನ್ನೊಬ್ಬನಿಗೆ ಗೊತ್ತಿದ್ದ ಗುಂಪನ್ನು ಬಿಡಿ ಬಿಡಿ ಮಾಡಿ ಮಾರಿದ್ರೆ, ಮಾರಿದವನಿಗೂ ನಷ್ಟ, ತಗೊಂಡವನಿಗೂ ಪೂರ್ತಿ ಸಿಗುದಿಲ್ಲ ಅಂತ ನಂಗೆ ಅನ್ನಿಸುದು. ಭಾವ ಒಪ್ಲಿಲ್ಲ, ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

2025ರ ಮಾರ್ಚಲ್ಲಿ ಡೇವಿಡ್ ಕತಾಲಾ ಕೋಚಾಗಿ ಬಂದ್ರು, ಸೂಪರ್ ಕಪ್ಪಲ್ಲಿ ಈಸ್ಟ್ ಬೆಂಗಾಲನ್ನು 2-0 ಸೋಲಿಸಿ ಸ್ವಲ್ಪ ಆಸೆ ಹುಟ್ಟಿಸಿ ಮುಂದಿನ ಮ್ಯಾಚಲ್ಲಿ ಮೋಹನ್ ಬಗಾನಿಗೆ ಸೋತ್ರು. ಪತ್ತನಾಜೆ ಕಳೆದು ಜುಲೈಯಲ್ಲಿ ಹಿಮೆನೆಸ್ ಕೂಡ ಪೋಲೆಂಡಿಗೆ ಹೊರಟ. ಸುದ್ದಿ ಓದಿ ಬೇಜಾರಾಗ್ಲಿಲ್ಲ, ನಾನು ಮೊದ್ಲು ನೋಡಿದ್ದು ಗೋಲಿ ಯಾರು ಅಂತ.

ಮಗನಿಗೆ ಮಾತ್ರ ಬೇಜಾರು. ಅವನದ್ದು ಒಂದು ಹಳದಿ ಜೆರ್ಸಿ ಉಂಟು, ದೊಡ್ಡ ಸೈಜಿದ್ದು ತೆಗ್ದದ್ದು, ಬೆಳೆದ ಹಾಗೆ ಹಾಕ್ಲಿ ಅಂತ. ಹಿಂದೆ ಮೊದ್ಲು ವಾಸ್ಕೆಸ್ 99 ಇತ್ತು. ಅದನ್ನು ಇಸ್ತ್ರಿಪೆಟ್ಟಿಗೆ ಇಟ್ಟು ಬಿಸಿ ಮಾಡಿ ಕಿತ್ತು ಡಯಮಾಂಟಾಕೋಸ್ 9 ಅಂಟಿಸಿದೆವು, ಆ ಹೆಸರಿಗೆ ಅಕ್ಷರ ಜಾಸ್ತಿ ಅಂತ ಅಂಗಡಿಯವರು ಮೂವತ್ತು ರುಪಾಯಿ ಹೆಚ್ಚು ತಗೊಂಡಿದ್ರು. ಮತ್ತೆ ಅದನ್ನು ಕಿತ್ತು ಹಿಮೆನೆಸ್. ಈಗ ಅದನ್ನೂ ಅವನೇ ಉಗುರಲ್ಲಿ ಕೆರೆದು ತೆಗೆದಿದ್ದಾನೆ. ಮಳೆಗಾಲದಲ್ಲಿ ತೋಟಕ್ಕೆ ಬರುವಾಗ ಅದನ್ನೇ ಹಾಕಿಕೊಂಡು ಬರ್ತಾನೆ, ಒದ್ದೆಯಾದ್ರೆ ಬೆನ್ನಲ್ಲಿ ಮೂರು ಹೆಸರೂ ಒಂದರ ಮೇಲೊಂದು ಮಸುಕಾಗಿ ಕಾಣ್ತದೆ.